ವಾಯುಶೋಧಕ: ಸದ್ದು ಮತ್ತು ಸಾಮರ್ಥ್ಯ

ಗೃಹೋಪಯೋಗಿ ಯಂತ್ರಗಳನ್ನು ಮಾರತಕ್ಕ ಯಾವುದಾದರೊಂದು ದೊಡ್ಡ ಅಂಗಡಿಗೆ ಹೋಗಿ ಏರ್ ಪ್ಯೂರಿಫೈಯರ್‌ಗಳ ಸಾಲಿನ ಮುಂದೆ ನಿಂತರೆ, ಹೆಚ್ಚುಕಡಮೆ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಎರಡು ಅಂಕಿಗಳು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದು ಕಾಣುತ್ತದೆ: ಗಂಟೆಗೆ ಇಷ್ಟು ಘನ ಮೀಟರ್ ಗಾಳಿಯನ್ನು ಶುದ್ಧಿ ಮಾಡಿಕೊಡುವೆನೆಂಬ ಸಾಮರ್ಥ್ಯದ ಅಂಕಿ ಒಂದು, ಇಷ್ಟೇ ಡೆಸಿಬೆಲ್ ಸದ್ದು ಮಾಡುವೆನೆಂಬ ಸೌಮ್ಯತೆಯ ಅಂಕಿ ಇನ್ನೊಂದು. ಎರಡರಲ್ಲಿ ಯಾವುದೂ ಸುಳ್ಳೆನ್ನುವಂತಿಲ್ಲ. ಆದರೆ ಮೊದಲನೆಯದು ಯಂತ್ರವು ತನ್ನ ಪರಮಾವಧಿ ವೇಗದಲ್ಲಿ ಓಡುತ್ತಿರುವಾಗ ತೆಗೆದ ಅಳತೆ. ಎರಡನೆಯದು ಅದು ಓಡುತ್ತಿದೆಯೋ ನಿಂತಿದೆಯೋ ಎಂದು ಸಂದೇಹ ಹುಟ್ಟಿಸುವಷ್ಟು ಮಂದಗತಿಯಲ್ಲಿರುವಾಗ ತೆಗೆದದ್ದು. ಒಂದೇ ಯಂತ್ರದ ಈ ಎರಡು ಸದ್ಗುಣಗಳು ಏಕಕಾಲದಲ್ಲಿ ಎಂದಿಗೂ ಸಂಧಿಸಲಾರವೆಂಬ ಸಂಗತಿ ಮಾತ್ರ ಪೆಟ್ಟಿಗೆಯ ಯಾವ ಮುಖದ ಮೇಲೂ ಇರುವುದಿಲ್ಲ. ಕೊಳ್ಳುವವನು ಆ ಎರಡನ್ನೂ ಮನಸ್ಸಿನಲ್ಲಿ ಕೂಡಿಸಿಕೊಂಡು, ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಮೂರನೆಯ ಯಂತ್ರವೊಂದನ್ನು ಕಲ್ಪಿಸಿಕೊಂಡು ಮನೆಗೆ ಬರುತ್ತಾನೆ.

ಕಾವ್ಯವನ್ನೋ ನಾಟಕವನ್ನೋ ತೂಗಿ ನೋಡುವಂತೆ ಒಂದು ಪ್ಲಾಸ್ಟಿಕ್ ಗೋಪುರವನ್ನು ತೂಗಿ ನೋಡುವುದುಂಟೆ ಎಂದು ಕೇಳುವವರಿರಬಹುದು. ಕಣ್ಣಿಗೆ ಕಾಣದ ಮಾಲಿನ್ಯವನ್ನು ಕಣ್ಣಿಗೆ ಕಾಣದ ಹಾಗೆಯೇ ಹೋಗಲಾಡಿಸುವೆನೆಂದು ಮಾತುಕೊಡುವ ಪದಾರ್ಥವೊಂದು ಹತ್ತು ಹದಿನೈದು ಸಾವಿರ ರೂಪಾಯಿಗಳಿಗೆ ಮನೆಯನ್ನು ಪ್ರವೇಶಿಸುವಾಗ, ಕೊಂಡವನಿಗೆ ತನ್ನ ಇಂದ್ರಿಯಗಳ ಸಾಕ್ಷ್ಯವೂ ದೊರೆಯದೆ ಯಂತ್ರವು ತನ್ನ ವಿಷಯವಾಗಿ ತಾನೇ ಬೆಳಗಿಸಿ ತೋರಿಸುವ ಹಸಿರು ದೀಪವನ್ನು ನಂಬಬೇಕಾಗಿರುವಾಗ, ವಿಮರ್ಶೆಯ ಅವಶ್ಯಕತೆ ಕಾವ್ಯಕ್ಕಿಂತ ಇಲ್ಲಿಯೇ ಒಂದು ಗುಲಗಂಜಿ ಹೆಚ್ಚೆಂದು ನನಗೆ ತೋರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಸದ್ದಿಲ್ಲದ ಯಂತ್ರಗಳು, ಸಮರ್ಥ ಯಂತ್ರಗಳು ಎಂಬ ಎರಡು ಜಾತಿಗಳಿಲ್ಲ. ಕೋಣೆಗೆ ಬೇಕಾದುದಕ್ಕಿಂತ ದೊಡ್ಡ ಯಂತ್ರವನ್ನು ತಂದು ಅರ್ಧವೇಗದಲ್ಲಿ ಓಡಿಸಿದಾಗ ಈ ಎರಡು ಗುಣಗಳೂ ಒಟ್ಟಿಗೆ ಕೈಗೆ ಬರುತ್ತವೆ, ಬೇರಾವ ಉಪಾಯದಿಂದಲೂ ಬರುವುದಿಲ್ಲ. ಆದುದರಿಂದ ಪರೀಕ್ಷಕನು ಕೇಳತಕ್ಕ ಪ್ರಶ್ನೆ ಒಂದೇ: ಮಲಗಿದವನ ನಿದ್ರೆಗೆ ಭಂಗವಾಗದ ವೇಗದಲ್ಲಿ ಈ ಯಂತ್ರ ಎಷ್ಟು ಗಾಳಿಯನ್ನು ಶೋಧಿಸಿಕೊಡುತ್ತದೆ?

ಈ ಪ್ರಶ್ನೆಯನ್ನು ಮರೆಸುವುದರಲ್ಲಿ ಮೊದಲ ಪಾಲು ‘ಹೆಪಾ’ ಎಂಬ ಹೆಸರಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದವರು ಪರಮಾಣು ಬಾಂಬನ್ನು ಸಿದ್ಧಗೊಳಿಸುತ್ತಿದ್ದ ಕಾರ್ಯಾಗಾರಗಳಲ್ಲಿ ವಿಕಿರಣಶೀಲ ಧೂಳು ಗಾಳಿಯೊಡನೆ ಹೊರಗೆ ಹೋಗದಂತೆ ತಡೆಯುವುದಕ್ಕಾಗಿ ರೂಪುಗೊಂಡ ಈ ಫಿಲ್ಟರು, ಇಂದು ಮಡಿಕೆಮಡಿಕೆಯಾಗಿ ಮಡಚಿದ ಬಿಳಿಯ ಹಾಳೆಯ ರೂಪದಲ್ಲಿ ನಮ್ಮ ಮಲಗುವ ಕೋಣೆಗಳಿಗೆ ಬಂದಿದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಒಂದೇ ಸಲಕ್ಕೆ ಹಿಡಿಯಬೇಕೆಂಬುದು ಅಮೆರಿಕದ ಲಕ್ಷಣ. ಯೂರೋಪಿನ ಗಣನೆಯಲ್ಲಿ ಎಚ್13 ಎಂಬ ದರ್ಜೆಗೆ ಶೇಕಡ 99.95, ಎಚ್14ಕ್ಕೆ 99.995. 0.3 ಮೈಕ್ರಾನಿಗಿಂತ ಸಣ್ಣ ಕಣಗಳು ತೂರಿಹೋಗುವುವೆಂದು ಬಹುಮಂದಿ ತಿಳಿದಿದ್ದಾರೆ. ಫಿಲ್ಟರನ್ನು ಜರಡಿಯಂತೆ ಭಾವಿಸುವುದರಿಂದ ಈ ಭ್ರಮೆ ಹುಟ್ಟುತ್ತದೆ. ದಪ್ಪನೆಯ ಕಣವು ಗಾಳಿಯ ದಾರಿ ನೂಲಿನ ಪಕ್ಕದಲ್ಲಿ ಬಾಗಿದಾಗ ತಾನು ಬಾಗಲಾರದೆ ನೇರವಾಗಿ ಹೋಗಿ ನೂಲಿಗೆ ಬಡಿಯುತ್ತದೆ. ನಡುಗಾತ್ರದ್ದು ಗಾಳಿಯೊಡನೆ ಬಾಗಿಯೂ ನೂಲನ್ನು ಸವರಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅತಿಸೂಕ್ಷ್ಮವಾದದ್ದು, 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡು 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಆ ಅಡ್ಡಾದಿಡ್ಡಿ ಚಲನೆಗೆ ಸಿಲುಕಿ, ದಾರಿ ನೆಟ್ಟಗಿದ್ದರೂ ತಾನು ನೆಟ್ಟಗೆ ಹೋಗಲಾರದೆ ಎಲ್ಲಿಯೋ ಒಂದು ಕಡೆ ನೂಲನ್ನು ಮುಟ್ಟಿಬಿಡುತ್ತದೆ. ಸುಮಾರು 0.3 ಮೈಕ್ರಾನಿನ ಕಣವೇ ಈ ಮೂರು ಬಲೆಗಳ ನಡುವಣ ಸಂದಿನಲ್ಲಿ ನುಸುಳತಕ್ಕದ್ದು. ಯುದ್ಧಕಾಲದಲ್ಲಿ ಹೊಗೆಯ ಕಣಗಳನ್ನು ಅಭ್ಯಸಿಸಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ನೊಬೆಲ್ ಪುರಸ್ಕೃತ ವಿಜ್ಞಾನಿಯೂ ಈ ಗಾತ್ರದ ಕಡೆಗೇ ಬೆರಳು ತೋರಿಸಿದ್ದನು. ಫಿಲ್ಟರಿನ ಪರೀಕ್ಷೆಗೆ ಆ ಗಾತ್ರವನ್ನು ಆರಿಸಿಕೊಂಡದ್ದು ಅದು ಅದರ ಅತ್ಯಂತ ದುರ್ಬಲ ಸ್ಥಾನವಾದುದರಿಂದ.

ಇಷ್ಟಾದರೂ, ಮನೆಯ ಕೋಣೆಗೆ ಸಂಬಂಧಿಸಿದಂತೆ ಈ 99.97ಕ್ಕೂ 99.5ಕ್ಕೂ ನಡುವಣ ಅಂತರ ನಗಣ್ಯವೆಂದೇ ಹೇಳಬೇಕು. ಪರಮಾಣು ಕಾರ್ಯಾಗಾರದಿಂದ ಹೊರಹೋಗುವ ಗಾಳಿ ಫಿಲ್ಟರಿನ ಮೂಲಕ ಒಮ್ಮೆ ಮಾತ್ರ ಹಾದುಹೋಗುತ್ತದೆ. ಆ ಒಮ್ಮೆಗೇ ಕೆಲಸ ಮುಗಿಯಬೇಕು. ಮನೆಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಯಂತ್ರದೊಳಕ್ಕೆ ಹೊಕ್ಕು ಹೊರಡುತ್ತದೆ. ಗಂಟೆಗೆ 100 ಘನ ಮೀಟರ್ ಗಾಳಿಯನ್ನು ಪೂರ್ಣಪ್ರಾಯವಾಗಿ ಶೋಧಿಸುವ ಯಂತ್ರಕ್ಕಿಂತ, 200 ಘನ ಮೀಟರಿನಿಂದ ಶೇಕಡ 95ರಷ್ಟು ಕಣಗಳನ್ನು ತೆಗೆಯುವ ಯಂತ್ರ ಹೆಚ್ಚುಕಡಮೆ ಎರಡರಷ್ಟು ಕೆಲಸ ಮಾಡುತ್ತದೆ. ಹಿಂದಿನ ಸಲ ತಪ್ಪಿಸಿಕೊಂಡ ಕಣ ಮುಂದಿನ ಸಲ ಸಿಕ್ಕಿಬೀಳುತ್ತದೆ. ‘ಟ್ರೂ ಹೆಪಾ’, ‘ಎಚ್13’ ಮುಂತಾದ ಬಿರುದುಗಳನ್ನು ಹೊಗಳುವ ಮಾರಾಟಗಾರನು ಗಾಳಿಯ ಪ್ರಮಾಣವನ್ನು ಕುರಿತು ಮೌನವಾಗಿದ್ದರೆ, ಆ ಮೌನವನ್ನು ಗ್ರಾಹಕನು ಗಮನಿಸತಕ್ಕದ್ದು.

ಗಾಳಿಯ ಪ್ರಮಾಣ, ಶೋಧನೆಯ ದಕ್ಷತೆ ಎರಡನ್ನೂ ಗುಣಿಸಿ ಒಂದೇ ಸಂಖ್ಯೆಯಲ್ಲಿ ಹೇಳುವ ಮಾನದಂಡವೊಂದನ್ನು ಅಮೆರಿಕದ ಗೃಹಯಂತ್ರ ತಯಾರಕರ ಸಂಘ ಬಳಕೆಗೆ ತಂದಿದೆ, ಸಿ.ಎ.ಡಿ.ಆರ್. ಎಂದು ಪೆಟ್ಟಿಗೆಗಳ ಮೇಲೆ ಕಾಣುವುದು ಅದೇ. ಮುಚ್ಚಿದ ಕೋಣೆಯೊಂದರಲ್ಲಿ ಹೊಗೆ, ಧೂಳು, ಪರಾಗ ಇವುಗಳನ್ನು ತುಂಬಿ, ಅವು ತಾವಾಗಿ ಇಳಿಯುವ ಗತಿಯನ್ನೂ ಯಂತ್ರ ಓಡುವಾಗ ಇಳಿಯುವ ಗತಿಯನ್ನೂ ಹೋಲಿಸಿ, ಎರಡರ ವ್ಯತ್ಯಾಸವನ್ನು ಯಂತ್ರದ ಲೆಕ್ಕಕ್ಕೆ ಹಾಕುತ್ತಾರೆ. ಪರೀಕ್ಷೆ ನ್ಯಾಯವಾದದ್ದು. ಯಂತ್ರದೊಳಗೆ ಏನಿದೆಯೆಂಬ ಕಥೆಯನ್ನು ಕೇಳದೆ, ಕೋಣೆಯಲ್ಲಿ ಏನಾಯಿತೆಂಬುದನ್ನು ಮಾತ್ರ ಅದು ನೋಡುತ್ತದೆ. ಆ ಸಂಘದವರ ಸ್ಥೂಲ ಸೂತ್ರವೇನೆಂದರೆ, ಕೋಣೆಯ ವಿಸ್ತೀರ್ಣ ಎಷ್ಟು ಚದರ ಅಡಿಯೋ ಅದರ ಮೂರರಲ್ಲಿ ಎರಡು ಪಾಲಿನಷ್ಟು ಘನ ಅಡಿ ಹೊಗೆರಹಿತ ಗಾಳಿ ನಿಮಿಷವೊಂದಕ್ಕೆ ದೊರೆಯಬೇಕು. ಆದರೆ ಇದು ಎಂಟಡಿ ಎತ್ತರದ ಅಮೆರಿಕದ ಚಾವಣಿಗೆ ಹೇಳಿದ ಸೂತ್ರ; ನಮ್ಮ ಮನೆಗಳ ತಾರಸಿ ಸಾಮಾನ್ಯವಾಗಿ ಹತ್ತಡಿಯದಾದುದರಿಂದ ಕಾಲುಭಾಗ ಹೆಚ್ಚಿಗೆ ಹಿಡಿಯಬೇಕು. ಹನ್ನೆರಡಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಒಂದು ಸಾಧಾರಣ ಮಲಗುವ ಕೋಣೆಯನ್ನು ತೆಗೆದುಕೊಂಡರೆ ಅದರ ಗಾತ್ರ 1,440 ಘನ ಅಡಿ, ಎಂದರೆ ಸುಮಾರು 41 ಘನ ಮೀಟರ್. ಆ ಸೂತ್ರದಂತೆ ಗಂಟೆಗೆ ಐದಾವರ್ತಿ ಗಾಳಿ ತಿರುಗಬೇಕೆಂದರೆ 204 ಘನ ಮೀಟರ್ ಬೇಕಾಗುತ್ತದೆ. ಐದಾವರ್ತಿ ಎಂದಾಕ್ಷಣ ಹನ್ನೆರಡು ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯೆಲ್ಲ ಶುದ್ಧವಾಗಿಬಿಡುವುದೆಂದು ತಿಳಿಯಕೂಡದು. ಶೋಧಿಸಿದ ಗಾಳಿ ಶೋಧಿಸದ ಗಾಳಿಯೊಡನೆ ಕ್ಷಣಕ್ಷಣವೂ ಬೆರೆಯುತ್ತಿರುವುದರಿಂದ, ಮೊದಲ ಹನ್ನೆರಡು ನಿಮಿಷಗಳ ಬಳಿಕವೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಣಗಳು ಉಳಿದೇ ಇರುತ್ತವೆ. ಪೆಟ್ಟಿಗೆಯ ಮೇಲೆ ‘ಐನೂರು ಚದರ ಅಡಿಯ ಕೋಣೆಗೆ ಸಾಕು’ ಎಂದಿರುವಲ್ಲಿ ಎಷ್ಟೋ ಬಾರಿ ಲೆಕ್ಕ ಹಾಕಿರುವುದು ಗಂಟೆಗೆ ಒಂದೋ ಎರಡೋ ಆವರ್ತಿಯಿಂದ.

ಇನ್ನು ಸದ್ದಿನ ವಿಚಾರ. ಡೆಸಿಬೆಲ್ಲಿನ ಗಣಿತ ನಮ್ಮ ಸಾಧಾರಣ ಕೂಡುವಿಕೆಗೆ ಒಗ್ಗುವುದಿಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ, ಒಂದೇ ತೆರನಾದ ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸಿದರೆ ಏರುವುದು ಮೂರೇ ಡೆಸಿಬೆಲ್. ಮಲಗುವ ಕೋಣೆಯಲ್ಲಿ ಸಂತತವಾದ ಸದ್ದು 30 ಡೆಸಿಬೆಲ್ಲನ್ನು ಮೀರದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಬೀಸಣಿಗೆಯ ಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ನಿಯಮವೊಂದುಂಟು, ಅದು ಈ ವಿಮರ್ಶೆಯ ಬೆನ್ನೆಲುಬು: ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಕುಸಿಯುತ್ತದೆ, ವಿದ್ಯುತ್ತಿನ ವೆಚ್ಚವಂತೂ ತಾತ್ತ್ವಿಕವಾಗಿ ಎಂಟನೆಯ ಒಂದು ಪಾಲಿಗಿಳಿಯುತ್ತದೆ. ಇದರ ಫಲವೇನೆಂದು ನೋಡಿ. ಒಂದು ಯಂತ್ರವನ್ನು ಪೂರ್ಣವೇಗದಲ್ಲಿ ಓಡಿಸುವ ಬದಲು ಅಂಥವೇ ಎರಡನ್ನು ಅರ್ಧವೇಗದಲ್ಲಿ ಓಡಿಸಿದರೆ ದೊರೆಯುವ ಶುದ್ಧವಾಯು ಅಷ್ಟೇ, ಆದರೆ ಸದ್ದು ಹನ್ನೆರಡು ಡೆಸಿಬೆಲ್ ಕಡಮೆ. ಕಿವಿಯ ಲೆಕ್ಕದಲ್ಲಿ ಅದು ಅರ್ಧಕ್ಕಿಂತಲೂ ಕಡಮೆ.

ನಿದರ್ಶನಕ್ಕಾಗಿ, ದಕ್ಷಿಣ ಕೊರಿಯದ ಕೋವೇ ಸಂಸ್ಥೆಯ ‘ಮೈಟಿ’ ಎಂಬ ಬಹುಕಾಲದಿಂದ ಬಳಕೆಯಲ್ಲಿರುವ ಯಂತ್ರವನ್ನು ತೆಗೆದುಕೊಳ್ಳಬಹುದು. ಹೊಗೆಯ ಪರೀಕ್ಷೆಯಲ್ಲಿ ಅದಕ್ಕೆ ಕೊಟ್ಟಿರುವ ಅಂಕಿ ನಿಮಿಷಕ್ಕೆ 233 ಘನ ಅಡಿ, ಎಂದರೆ ಗಂಟೆಗೆ ಸುಮಾರು 396 ಘನ ಮೀಟರ್. ಸದ್ದು ಕನಿಷ್ಠವೇಗದಲ್ಲಿ ಸುಮಾರು 24 ಡೆಸಿಬೆಲ್, ಗರಿಷ್ಠದಲ್ಲಿ ಸುಮಾರು 54. ಮೇಲೆ ಹೇಳಿದ ಹನ್ನೆರಡಡಿ ಕೋಣೆಗೆ ಬೇಕಾದದ್ದು 204. ಆದುದರಿಂದ ಈ ಯಂತ್ರ ಅರ್ಧಕ್ಕಿಂತ ತುಸುವೇ ಮೇಲಿನ ವೇಗದಲ್ಲಿ, ನಿಯಮದ ಪ್ರಕಾರ ನಲವತ್ತರ ಒಳಗಣ ಸದ್ದಿನಲ್ಲಿ, ಆ ಕೋಣೆಯನ್ನು ನಿರ್ವಹಿಸಬಲ್ಲದು. ಅದೇ ಕೋಣೆಗೆ ಸರಿಯಾಗಿ 200 ಘನ ಮೀಟರಿನ ಸಣ್ಣ ಯಂತ್ರವನ್ನು ಆರಿಸಿದ ಮಿತವ್ಯಯಿಯು, ಅಷ್ಟೇ ಶುದ್ಧಿಗಾಗಿ ಅದನ್ನು ರಾತ್ರಿಯಿಡೀ ಪರಮಾವಧಿ ವೇಗದಲ್ಲಿ ಓಡಿಸಿ ಐವತ್ತರ ಆಸುಪಾಸಿನ ಸದ್ದನ್ನು ಸಹಿಸಬೇಕಾಗುತ್ತದೆ. ಸಹಿಸುವುದಿಲ್ಲ, ಬೆಳಗಿನವರೆಗೆ ಅದನ್ನು ಕನಿಷ್ಠವೇಗಕ್ಕಿಳಿಸಿ ಮಲಗುತ್ತಾನೆ. ಸಣ್ಣ ಯಂತ್ರಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದೇ: ಅವು ದುರ್ಬಲವೆಂದಲ್ಲ, ತಮ್ಮ ಬಲವನ್ನು ಬಳಸಗೊಡದಂಥವು ಎಂದು.

ಸದ್ದಿನ ಅಂಕಿಗಳನ್ನು ಪರಸ್ಪರ ಹೋಲಿಸುವಾಗಲೂ ಎಚ್ಚರ ಬೇಕು. ಕೆಲವರು ಮೀಟರೊಂದರ ದೂರದಲ್ಲಿ ಕೇಳಿಬರುವ ಶಬ್ದದ ಒತ್ತಡವನ್ನು ಬರೆಯುತ್ತಾರೆ, ಕೆಲವರು ಯಂತ್ರ ಹೊರಸೂಸುವ ಒಟ್ಟು ಶಬ್ದಶಕ್ತಿಯನ್ನು. ಎರಡಕ್ಕೂ ಡೆಸಿಬೆಲ್ ಎಂಬ ಹೆಸರೇ ಇದ್ದರೂ ಎರಡನೆಯದು ಮೊದಲನೆಯದಕ್ಕಿಂತ ಎಂಟು ಹತ್ತು ಅಂಕ ಹೆಚ್ಚಾಗಿಯೇ ಕಾಣುತ್ತದೆ. ಹೀಗಾಗಿ ಪ್ರಾಮಾಣಿಕನಾದ ತಯಾರಕನೇ ಗಲಾಟೆಯವನಂತೆ ತೋರುವ ಪ್ರಸಂಗವುಂಟು. ಮೇಲಾಗಿ ಸದ್ದಿನ ಪ್ರಮಾಣ ಬೇರೆ, ಗುಣ ಬೇರೆ. ಅಗಲವಾದ ಬೀಸಣಿಗೆ ನಿಧಾನವಾಗಿ ತಿರುಗುವಾಗ ಬರುವ ‘ಹೂ’ಕಾರ ಕೆಲವು ನಿಮಿಷಗಳಲ್ಲಿ ಮರೆತುಹೋಗುತ್ತದೆ, ತಲೆಯ ಮೇಲಣ ಸೀಲಿಂಗ್ ಫ್ಯಾನಿನ ಕೆಳಗೆ ಜನ್ಮ ಕಳೆದ ನಮಗಂತೂ ಬೇಗ ಮರೆಯುತ್ತದೆ. ಬೇರಿಂಗಿನಿಂದ ಹೊರಡುವ ಸಣ್ಣನೆಯ ಸಿಳ್ಳು, ಸಡಿಲವಾದ ಜಾಲರಿಯ ಕಿಟಿಕಿಟಿ, ಇವು ಮಾಪಕದಲ್ಲಿ ಒಂದೆರಡು ಅಂಕಗಳಾಗಿಯೂ ಕಾಣದೆ ನಡುರಾತ್ರಿಯಲ್ಲಿ ಮನುಷ್ಯನನ್ನು ಎಬ್ಬಿಸಿ ಕೂರಿಸಬಲ್ಲವು. ಅಂಗಡಿಯ ಗದ್ದಲದಲ್ಲಿ ಇವುಗಳನ್ನು ಪರೀಕ್ಷಿಸುವುದು ಅಸಾಧ್ಯ.

ಕಾರ್ತಿಕ ಮಾಸದಲ್ಲೊಮ್ಮೆ ದೆಹಲಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ತಂಗಿದ್ದಾಗ ಕಂಡದ್ದನ್ನು ಇಲ್ಲಿ ಹೇಳಬೇಕು. ಪಂಜಾಬು ಹರಿಯಾಣಗಳ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುವ ಹೊಗೆ, ದೀಪಾವಳಿಯ ಪಟಾಕಿ, ಊರಿನ ವಾಹನಗಳ ಉಸಿರು ಎಲ್ಲವೂ ಸೇರುವ ಕಾಲ ಅದು. ಮಗುವಿನ ಕೋಣೆಯ ಮೂಲೆಯಲ್ಲಿ ಒಂದು ಯಂತ್ರವಿತ್ತು. ಸಂಜೆಯೆಲ್ಲ ಅದು ಚೆನ್ನಾಗಿಯೇ ಓಡಿತು; ಮಗು ಮಲಗುವ ಹೊತ್ತಿಗೆ ತಂಗಿ ಬಂದು ಚಂದ್ರನ ಚಿತ್ರವಿದ್ದ ಗುಂಡಿಯನ್ನೊತ್ತಿದಳು. ಯಾಕಮ್ಮ ಎಂದೆ. “ಜೋರಾಗಿಟ್ರೆ ಪಾಪು ಎದ್ದುಬಿಡತ್ತೆ ಅಣ್ಣ, ರಾತ್ರಿಯೆಲ್ಲ ಇಷ್ಟರಲ್ಲೇ ಇರ್ಲಿ” ಎಂದಳು. ಯಂತ್ರದ ಉಸಿರು ಅಡಗಿತು, ದೀಪ ಮಂಕಾಯಿತು. ಅವಳ ಬಳಿ ಬೇರೆಯಾಗಿ ಕೊಂಡ, ಅಂಗೈಯಗಲದ ಧೂಳುಮಾಪಕವೊಂದಿತ್ತು. ಮಂಚದ ಪಕ್ಕದಲ್ಲಿಟ್ಟ ಅದು, ನಾವು ಊಟ ಮುಗಿಸಿ ಬರುವಷ್ಟರಲ್ಲಿ ಸಂಜೆಯ ಅಂಕಿಯ ಎರಡರಷ್ಟನ್ನು ದಾಟಿತ್ತು. ಯಂತ್ರದ ಮೈಮೇಲಣ ಅಂಕಿಯೋ ಇನ್ನೂ ಹಸಿರಿನಲ್ಲಿಯೇ ಇತ್ತು.

ಇದರಲ್ಲಿ ಇಂದ್ರಜಾಲವೇನೂ ಇಲ್ಲ. ನಮ್ಮ ಕಿಟಕಿ ಬಾಗಿಲುಗಳ ಸಂದಿನಿಂದ ಗಂಟೆಗೆ ಒಂದಾವರ್ತಿ ಹೊರಗಣ ಗಾಳಿ ನುಗ್ಗುವುದೆಂದಿಟ್ಟುಕೊಳ್ಳೋಣ. ಹೊರಗೆ ಘನ ಮೀಟರಿಗೆ 250 ಮೈಕ್ರೊಗ್ರಾಂ ಸೂಕ್ಷ್ಮಕಣಗಳಿದ್ದು ಯಂತ್ರವು ಗಂಟೆಗೆ ನಾಲ್ಕಾವರ್ತಿ ಶೋಧಿಸುತ್ತಿದ್ದರೆ ಒಳಗೆ ನಿಲ್ಲುವುದು ಐದನೆಯ ಒಂದು ಪಾಲು, ಸುಮಾರು 50. ಯಂತ್ರವನ್ನು ಮಂದಗೊಳಿಸಿ ಒಂದಾವರ್ತಿಗಿಳಿಸಿದರೆ ಅರ್ಧದಷ್ಟು ಉಳಿಯುತ್ತದೆ, 125. ನಮ್ಮ ದೇಶದ 2009ರ ಮಾನದಂಡದಲ್ಲಿ ಇಪ್ಪತ್ತನಾಲ್ಕು ಗಂಟೆಯ ಸರಾಸರಿಗೆ ಇರುವ ಮಿತಿ 60; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಒಂದು ಗುಂಡಿಯನ್ನೊತ್ತುವುದರಿಂದ ಕೋಣೆಯೊಂದು ಆ 60ರ ಗೆರೆಯ ಈಚೆಯಿಂದ ಆಚೆಗೆ ಹೋಗುತ್ತದೆ. ಇದಕ್ಕಿಂತಲೂ ವಿಷಾದಕರವಾದದ್ದು ಇನ್ನೊಂದಿದೆ. ಉತ್ತರ ಹಿಂದೂಸ್ಥಾನದ ಚಳಿಗಾಲದಲ್ಲಿ ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ, ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತು, ಹೊಗೆ ಏರಲು ದಾರಿಯಿಲ್ಲದೆ ನೆಲದ ಬಳಿಯಲ್ಲೇ ಶೇಖರವಾಗುತ್ತದೆ. ನಡುರಾತ್ರಿಯಿಂದ ಮುಂಜಾನೆಯವರೆಗಿನ ಗಾಳಿ ಆ ದಿನಗಳಲ್ಲಿ ಅತ್ಯಂತ ಕೆಟ್ಟದ್ದು. ಮನುಷ್ಯನು ನಿಶ್ಶಬ್ದವನ್ನು ಬಯಸುವ ಗಂಟೆಗಳೂ ಶುದ್ಧಿಯನ್ನು ಬಯಸಬೇಕಾದ ಗಂಟೆಗಳೂ ಒಂದೇ ಆಗಿವೆ. ಯಂತ್ರವನ್ನು ಹಗಲಿನ ಲೆಕ್ಕದಿಂದ ಆರಿಸಿದ ಮನೆಗೆ ರಾತ್ರಿ ಅದು ಒದಗುವುದಿಲ್ಲ.

ತಾನಾಗಿಯೇ ವೇಗವನ್ನು ಹೊಂದಿಸಿಕೊಳ್ಳುವ ‘ಆಟೋ’ ವ್ಯವಸ್ಥೆಯನ್ನೂ ನಾನು ಅಷ್ಟಾಗಿ ಮೆಚ್ಚಲಾರೆ. ಕಣಗಳನ್ನು ಎಣಿಸುವ ಸೂಕ್ಷ್ಮ ಕಣ್ಣು ಯಂತ್ರದ ಮೈಯಲ್ಲಿಯೇ ಇರುವುದರಿಂದ, ಕೋಣೆಯಲ್ಲಿ ಅತ್ಯಂತ ಶುಚಿಯಾದ ಗಾಳಿ ಯಾವುದೋ ಅದನ್ನೇ ಅದು ಕಾಣುತ್ತಿರುತ್ತದೆ. ಅದನ್ನು ಕಂಡು ತೃಪ್ತಿಪಟ್ಟು ಫ್ಯಾನನ್ನು ತಗ್ಗಿಸುತ್ತದೆ. ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಬಿದ್ದ ಕೂಡಲೇ ಹಜಾರದ ಯಂತ್ರ ಕೆಂಪು ದೀಪ ಹೊತ್ತಿಸಿ ಅಬ್ಬರಿಸಿ ಏಳುವುದನ್ನೂ, ದೇವರ ಮುಂದೆ ಹಚ್ಚಿದ ಊದುಬತ್ತಿ ಎರಡೇ ಆದರೂ ಅಂಕಿ ನೂರನ್ನು ದಾಟುವುದನ್ನೂ ಕಂಡ ಮನೆಯವರಿಗೆ ಅದರ ಜಾಗರೂಕತೆಯ ಮೇಲೆ ಬಹಳ ನಂಬಿಕೆ ಬರುತ್ತದೆ. ಒಂದು ದೃಷ್ಟಿಯಿಂದ ಅದು ಉಪಕಾರವೇ. ಊದುಬತ್ತಿಯ ಹೊಗೆಯೂ ಹೊಗೆಯೇ ಎಂಬ ಮಾತನ್ನು ಅಜ್ಜಿಯರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಯಂತ್ರಕ್ಕಿದೆ. ಆದರೆ ಒಗ್ಗರಣೆಗೆ ತಕ್ಕ ಔಷಧ ಒಲೆಯ ಮೇಲಣ ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನು. ಎಣ್ಣೆಯ ಆವಿ ವಾಯುಶೋಧಕದ ಫಿಲ್ಟರನ್ನು ಬಹುಬೇಗ ಕೆಡಿಸುತ್ತದೆ. ಮಲಗುವ ಕೋಣೆಯಲ್ಲಿ ಮಧ್ಯಮವೇಗವನ್ನು ಗೊತ್ತುಮಾಡಿ, ಬಾಗಿಲು ಹಾಕಿ, ಯಂತ್ರಕ್ಕೆ ತನ್ನ ಸ್ವಂತ ಬುದ್ಧಿಯನ್ನು ಉಪಯೋಗಿಸುವ ಅವಕಾಶ ಕೊಡದಿರುವುದೇ ಮೇಲು.

ಸಂಪೂರ್ಣ ನಿಶ್ಶಬ್ದವನ್ನೇ ಮಾರಿದ ಒಂದು ಯಂತ್ರದ ಚರಿತ್ರೆ ಈ ಕ್ಷೇತ್ರದ ವಿಮರ್ಶಕರೆಲ್ಲ ಓದಬೇಕಾದದ್ದು. ಅಮೆರಿಕದ ಷಾರ್ಪರ್ ಇಮೇಜ್ ಎಂಬ ಸಂಸ್ಥೆಯು ‘ಅಯೋನಿಕ್ ಬ್ರೀಜ್’ ಎಂಬ ತೆಳ್ಳನೆಯ ಗೋಪುರವನ್ನು ಮಾರುತ್ತಿತ್ತು. ಅದರಲ್ಲಿ ಫ್ಯಾನೇ ಇರಲಿಲ್ಲ. ವಿದ್ಯುದಾವೇಶದಿಂದ ಗಾಳಿಯನ್ನು ಮೆಲ್ಲನೆ ಚಲಿಸುವಂತೆ ಮಾಡಿ, ಆವೇಶಗೊಂಡ ಧೂಳನ್ನು ಲೋಹದ ಪಟ್ಟಿಗಳ ಮೇಲೆ ಕೂರಿಸುವುದು ಅದರ ತಂತ್ರ. ಸದ್ದಿಲ್ಲ, ಬದಲಾಯಿಸುವ ಫಿಲ್ಟರಿಲ್ಲ, ನೋಡಲು ಚೆಂದ; ಬಯಸುವುದಕ್ಕೆ ಇನ್ನೇನು ಉಳಿದಿತ್ತು? ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯವರು ಅದನ್ನು ಇತರ ಯಂತ್ರಗಳೊಡನೆ ಪರೀಕ್ಷಿಸಿ, ಅದು ಗಾಳಿಯನ್ನು ಅಳತೆಗೆ ಸಿಕ್ಕುವಷ್ಟು ಶುದ್ಧಿ ಮಾಡುವುದಿಲ್ಲವೆಂಬ ಅಭಿಪ್ರಾಯಕ್ಕೆ ಬಂದರು. ನಿಧಾನವಾಗಿ ದಿನವಿಡೀ ಕೆಲಸ ಮಾಡತಕ್ಕ ಯಂತ್ರವನ್ನು ವೇಗದ ಯಂತ್ರಗಳ ಪರೀಕ್ಷೆಗೆ ಒಡ್ಡಿದ್ದು ಅನ್ಯಾಯವೆಂದು ಸಂಸ್ಥೆ ವಾದಿಸಿತು. 2003ರಲ್ಲಿ ಪತ್ರಿಕೆಯ ಪ್ರಕಾಶಕರ ಮೇಲೆ ದಾವೆಯನ್ನೇ ಹೂಡಿತು. 2004ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಪತ್ರಿಕೆಯ ಮಾತು ಸುಳ್ಳೆಂದು ತೋರಿಸಿಕೊಡುವ ಸಂಭವವನ್ನು ಕೂಡ ವಾದಿಗಳು ಸ್ಥಾಪಿಸಿರಲಿಲ್ಲ. ಮರುವರ್ಷ ಅದೇ ಪತ್ರಿಕೆ ಇಂಥ ಯಂತ್ರಗಳು ಹೊರಬಿಡುವ ಓಜೋನನ್ನು ಕುರಿತು ಬರೆಯಿತು. 2008ರಲ್ಲಿ ಸಂಸ್ಥೆ ದಿವಾಳಿಯಾಯಿತು.

ಷಾರ್ಪರ್ ಇಮೇಜಿನವರ ವಾದವನ್ನು ಹಗುರವಾಗಿ ತಳ್ಳಿಬಿಡುವುದು ಸರಿಯಲ್ಲ, ಏಕೆಂದರೆ ಇಂದಿನ ಎಷ್ಟೋ ‘ಸೈಲೆಂಟ್’ ಯಂತ್ರಗಳ ಪರವಾಗಿ ಬರುವ ವಾದವೂ ಅದೇ. ನಿಧಾನವಾಗಿ ಆದರೂ ಒಂದಲ್ಲ ಒಂದು ಹೊತ್ತಿಗೆ ಕೋಣೆ ಶುದ್ಧವಾಗುವುದಲ್ಲವೆ? ಕೋಣೆ ಗಾಜಿನ ಬುರುಡೆಯಂತೆ ಸಂಪೂರ್ಣವಾಗಿ ಮುಚ್ಚಿದ್ದರೆ ಆಗುತ್ತಿತ್ತು. ಹೊರಗಿನಿಂದ ಧೂಳು ಎಡೆಬಿಡದೆ ಬರುತ್ತಿರುವಲ್ಲಿ ನಿಧಾನವೆಂಬುದು ತಡವಾದ ಯಶಸ್ಸಿಗಲ್ಲ, ಶಾಶ್ವತವಾದ ಅಪಜಯಕ್ಕೆ ಹೆಸರು. ಬರುವ ಗತಿಗಿಂತ ತೆಗೆಯುವ ಗತಿ ಬಹುವಾಗಿ ಮಿಗಿಲಾಗಿರಬೇಕು. ಓಜೋನಿನ ವಿಷಯದಲ್ಲಿ ಕ್ಯಾಲಿಫೋರ್ನಿಯದವರು ಮನೆಯೊಳಗಿನ ವಾಯುಶೋಧಕಗಳಿಗೆ ನೂರು ಕೋಟಿ ಭಾಗಕ್ಕೆ 50 ಭಾಗವೆಂಬ ಮಿತಿಯನ್ನು ಕಾನೂನಿನಿಂದಲೇ ವಿಧಿಸಿದ್ದಾರೆ. ನಮ್ಮಲ್ಲಿ ಮಾರುವ ಯಂತ್ರಗಳಲ್ಲಿ, ಓಜೋನಿಗೆ ಎಡೆಗೊಡಬಹುದಾದ ‘ಅಯಾನ್’ ಎಂಬ ಗುಂಡಿ ಪ್ರತ್ಯೇಕವಾಗಿದ್ದರೆ ಅದನ್ನು ನಿಲ್ಲಿಸಿಡುವುದರಿಂದ ಶೋಧನೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಅಯೋನಿಕ್ ಬ್ರೀಜ್ ಎಂಬ ಆ ಸುಂದರಿಗೆ ತದ್ವಿರುದ್ಧವಾದ ಕುರೂಪಿಯೊಂದಿದೆ, ನನ್ನ ಮೆಚ್ಚುಗೆ ಅದರ ಕಡೆಗೆ. 2020ರಲ್ಲಿ, ಕೋವಿಡ್ ಪಿಡುಗಿನ ನಡುವೆ, ರಿಚರ್ಡ್ ಕಾರ್ಸಿ ಎಂಬ ಪ್ರಾಧ್ಯಾಪಕರೂ ಜಿಮ್ ರೋಸೆಂಥಾಲ್ ಎಂಬ ಫಿಲ್ಟರು ತಯಾರಕರೂ ಸೇರಿ ಯೋಚಿಸಿದ ಪೆಟ್ಟಿಗೆ ಅದು. ನಾಲ್ಕು ಚೌಕ ಫಿಲ್ಟರುಗಳನ್ನು ಗೋಡೆಗಳಂತೆ ನಿಲ್ಲಿಸಿ, ಅಂಚುಗಳಿಗೆ ಟೇಪು ಸುತ್ತಿ, ತಳಕ್ಕೆ ರಟ್ಟು ಹಾಕಿ, ಮೇಲೊಂದು ಚೌಕ ಫ್ಯಾನನ್ನು ಮಲಗಿಸಿದರೆ ಮುಗಿಯಿತು. ಅದರಲ್ಲಿರುವುದು ಹೆಪಾ ಕೂಡ ಅಲ್ಲ. ಮರ್ವ್ 13 ಎಂಬ ದರ್ಜೆಯ ಆ ಫಿಲ್ಟರು 0.3ರಿಂದ 1 ಮೈಕ್ರಾನಿನವರೆಗಿನ ಕಣಗಳಲ್ಲಿ ಅರ್ಧವನ್ನು ಹಿಡಿದರೂ ದರ್ಜೆಯ ಲಕ್ಷಣಕ್ಕೆ ಸಾಕು. ಆದರೆ ನಾಲ್ಕು ಫಿಲ್ಟರುಗಳ ವಿಸ್ತಾರವಾದ ಮೈಯಿಂದ ಗಾಳಿ ತಡೆಯಿಲ್ಲದೆ ಹರಿಯುವುದರಿಂದ, ಪ್ರಮಾಣದ ಬಲದಿಂದಲೇ ಅದು ಬೆಲೆಯಲ್ಲಿ ತನಗಿಂತ ಹಲವು ಪಾಲು ಮೇಲಿರುವ ಯಂತ್ರಗಳೊಡನೆ ಸೆಣಸುತ್ತದೆ. ಚೌಕ ಫ್ಯಾನಿನ ಬದಲು ಕಂಪ್ಯೂಟರಿನೊಳಗಿನ ಸಣ್ಣ ಫ್ಯಾನುಗಳನ್ನು ಐದಾರು ಜೋಡಿಸಿದವರಿಗೆ ಸದ್ದೂ ಅಡಗಿದೆ. ಇದಕ್ಕೂ ಮೊದಲು, 2013ರಲ್ಲಿ, ಬೀಜಿಂಗಿನ ಹೊಗೆಯಲ್ಲಿ ಸಿಲುಕಿದ ಥಾಮಸ್ ಟಾಲ್‌ಹೆಲ್ಮ್ ಎಂಬ ಅಮೆರಿಕದ ವಿದ್ಯಾರ್ಥಿ ಸಾಧಾರಣ ಫ್ಯಾನಿನ ಮುಖಕ್ಕೆ ಹೆಪಾ ಫಿಲ್ಟರನ್ನು ಕಟ್ಟಿ, ಅಳೆದು ನೋಡಿ, ಫಲಿತವನ್ನು ಎಲ್ಲರ ಮುಂದಿಟ್ಟಿದ್ದನು. ಫ್ಯಾನು, ಫಿಲ್ಟರು ಎರಡೇ ಈ ವಿದ್ಯೆಯ ಸಾರವೆಂದೂ, ಉಳಿದ ಪರದೆ, ಬಣ್ಣದ ದೀಪ, ಫೋನಿನ ಆ್ಯಪು ಮುಂತಾದುವೆಲ್ಲ ಅಲಂಕಾರವೆಂದೂ ಈ ಕುರೂಪಿಗಳು ತೋರಿಸಿಕೊಟ್ಟವು. ಅಲಂಕಾರವನ್ನು ನಾನು ದ್ವೇಷಿಸುವವನಲ್ಲ. ಕಾಸು ಕೊಟ್ಟದ್ದು ಯಾವುದಕ್ಕೆಂಬ ತಿಳಿವಳಿಕೆ ಇದ್ದರೆ ಸರಿ.

ಯಂತ್ರದಿಂದ ಆಗದ ಕೆಲಸಗಳನ್ನೂ ಸಂಕ್ಷೇಪವಾಗಿ ಹೇಳಬೇಕು. ಕಣಗಳ ಫಿಲ್ಟರು ಅನಿಲಗಳನ್ನು ತಡೆಯುವುದಿಲ್ಲ. ವಾಸನೆ, ಬಣ್ಣದ ಆವಿ ಮುಂತಾದುವಕ್ಕೆ ಇಂಗಾಲದ ಪದರ ಬೇಕು. ಅಗ್ಗದ ಯಂತ್ರಗಳಲ್ಲಿ ಚಿಮುಕಿಸಿದಷ್ಟು ಇಂಗಾಲವಿದ್ದು ಅದು ಬೇಗ ತೀರಿಹೋಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರಿನಿಂದಲೇ ಏರುವ ಇಂಗಾಲದ ಡೈಆಕ್ಸೈಡನ್ನು ಯಾವ ವಾಯುಶೋಧಕವೂ ಇಳಿಸದು. ಗ್ಯಾಸ್ ಗೀಸರಿನಿಂದ ಹೊಮ್ಮಿ ಪ್ರಾಣವನ್ನೇ ತೆಗೆಯಬಲ್ಲ ಇಂಗಾಲದ ಮಾನಾಕ್ಸೈಡನ್ನಂತೂ ಖಂಡಿತ ತೆಗೆಯದು. ಹೊರಗಣ ಗಾಳಿ ತಿಳಿಯಾಗಿರುವ ಹೊತ್ತು ನೋಡಿ ಕಿಟಕಿ ತೆರೆಯಲೇಬೇಕು. ಕುಂಡದ ಗಿಡಗಳನ್ನು ನಂಬಿದವರಿಗೂ ಒಂದು ಮಾತು: 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ; ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರುಗಣನೆ ಮಾಡಿದ ವಿದ್ವಾಂಸರು, ಕಟ್ಟಡವೊಂದರ ಸಹಜವಾದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರದವರೆಗೆ ಗಿಡಗಳು ಬೇಕಾಗುವುವೆಂದು ಕಂಡರು. ಮನಿಪ್ಲಾಂಟು ಕಣ್ಣಿಗೆ ತಂಪು, ಅಷ್ಟಕ್ಕೆ ಇಟ್ಟುಕೊಳ್ಳಬಹುದು.

ಹಾಗಾದರೆ ನಮ್ಮ ನಾಡಿನ ಮನೆಗಳಿಗೆ ಇದು ಬೇಕೇ? ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಸಂಸಾರಗಳಿಗೆ ಆಶ್ವಯುಜದಿಂದ ಮಾಘದವರೆಗೆ ಬೇಕು, ಅದರಲ್ಲಿ ಚರ್ಚೆಯಿಲ್ಲ. ಬೆಂಗಳೂರಿನ ಮಾತು ಬೇರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಈ ನಾಲ್ಕೂ ಸೇರಿರುವುದು ನಿಜ. ಆದರೆ ಮುಂಗಾರಿನ ತಿಂಗಳುಗಳಲ್ಲಿ ಮಳೆ ಗಾಳಿಗಳು ಮಾಡುವ ಕೆಲಸವನ್ನು ದುಡ್ಡು ಕೊಟ್ಟು ಯಂತ್ರದಿಂದ ಮಾಡಿಸುವುದು ಅನವಶ್ಯಕ. ಹೊರವರ್ತುಲ ರಸ್ತೆಗೋ ಕಟ್ಟಡ ಏಳುತ್ತಿರುವ ನಿವೇಶನಕ್ಕೋ ಮುಖಮಾಡಿದ ಕೋಣೆ, ಉಬ್ಬಸದಿಂದ ನರಳುವ ಹಿರಿಯರು, ಎಳೆಯ ಮಕ್ಕಳು, ಇವರಿರುವ ಮನೆಯಲ್ಲಿ ಚಳಿಗಾಲದಿಂದ ಬೇಸಗೆಯ ಮೊದಲ ಮಳೆಯವರೆಗೆ, ಮಲಗುವ ಕೋಣೆಯೊಂದಕ್ಕೆ, ಅದಕ್ಕೆ ಬೇಕಾದುದರ ಇಮ್ಮಡಿ ಸಾಮರ್ಥ್ಯದ ಯಂತ್ರವೊಂದನ್ನು ಇಟ್ಟುಕೊಳ್ಳುವುದು ವಿಹಿತವೆಂದು ನನ್ನ ಮತ. ಇಡೀ ಮನೆಗೆ ಒಂದೇ ಯಂತ್ರವೆಂದು ಹಜಾರದ ನಡುವೆ ಪ್ರತಿಷ್ಠಾಪಿಸುವುದರಿಂದ ಅತಿಥಿಗಳಿಗೆ ಕಾಣುವುದನ್ನು ಬಿಟ್ಟು ಬೇರೆ ಪ್ರಯೋಜನ ಕಡಮೆ.

ಕೊಳ್ಳುವಾಗ ಯಂತ್ರದ ಬೆಲೆಗಿಂತ ಮೊದಲು ಅದರ ಫಿಲ್ಟರಿನ ಬೆಲೆಯನ್ನೂ, ಅದು ನಾಲ್ಕು ವರ್ಷದ ಮೇಲೂ ದೊರೆಯುವುದೇ ಎಂಬುದನ್ನೂ ವಿಚಾರಿಸತಕ್ಕದ್ದು. ನಮ್ಮವರಿಗೆ ಯಾವುದನ್ನೂ ಎಸೆಯಲು ಮನಸ್ಸು ಬಾರದು. ಕಪ್ಪಾದ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ತಾರಸಿಯ ಬಿಸಿಲಿನಲ್ಲಿ ಒಣಗಿಸಿ ಮತ್ತೆ ಹಾಕುವ ಮನೆಗಳನ್ನು ನಾನು ಬಲ್ಲೆ. ಹೊರಮೈಯ ಒರಟು ಜಾಲರಿಯನ್ನು ಹಾಗೆ ತೊಳೆಯಬಹುದು, ತೊಳೆಯಲೂ ಬೇಕು. ಒಳಗಣ ಬಿಳಿಯ ಮಡಿಕೆಗಳು ಹಾಗಲ್ಲ. ಮಾರುಕಟ್ಟೆಯ ಬಹಳಷ್ಟು ಫಿಲ್ಟರುಗಳ ಪಾಲಿಪ್ರೊಪಿಲೀನ್ ನೂಲುಗಳಿಗೆ ತಯಾರಿಕೆಯಲ್ಲಿಯೇ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. ಸೂಕ್ಷ್ಮಕಣಗಳನ್ನು ಸೆಳೆದು ಹಿಡಿಯುವುದರಲ್ಲಿ ದೊಡ್ಡ ಪಾಲು ಆ ಆವೇಶದ್ದು, ಹೊಗೆಯಿಂದ ಅದು ಮೆಲ್ಲಮೆಲ್ಲನೆ ಕುಂದುತ್ತದೆ, ಸಾಬೂನಿನ ನೀರಿನಿಂದ ಬೇಗ. ಹಾಗೆ ತೊಳೆದ ಫಿಲ್ಟರು ನೋಡುವುದಕ್ಕೆ ಹೊಸದರಂತಿರುತ್ತದೆ, ಗಾಳಿಯನ್ನೂ ಸರಾಗವಾಗಿ ಬಿಡುತ್ತದೆ, ಯಂತ್ರದ ಸದ್ದೂ ಮೊದಲಿಗಿಂತ ತಗ್ಗಿದಂತೆ ಕೇಳುತ್ತದೆ. ಆ ಸಂತೋಷದಲ್ಲಿ ಇನ್ನೊಂದು ವರ್ಷ ಕಳೆಯುವವರೂ ಉಂಟು.